ತಂತಿ ಸುತ್ತುವಾಗ ಬಾಯಲ್ಲಿ ಪೈಪ್ ಇರಬೇಕಾ? ಯಾವ ಹೊಗೆಸೊಪ್ಪು ಒಗ್ಗುತ್ತೆ?

ತಂತಿಕೈ:
ಬೋನ್ಸಾಯ್, ಅಂದ್ರೆ ಕುಂಡದಲ್ಲಿ ಪುಟ್ಟ ಮರ ಬೆಳೆಸೋದು, ಹಿಡಿದು 11 ವರ್ಷ ಆಯ್ತು, ಹೊಗೆಸೊಪ್ಪಿನ ಪೈಪ್ ಶುರು ಮಾಡಿ 3 ವರ್ಷ. ಎರಡೂ ನಿಧಾನದ ಹವ್ಯಾಸ, ಒಂದಕ್ಕೊಂದು ಹೊಂದುತ್ತೆ ಅಂದುಕೊಂಡಿದ್ದೆ. ನಿನ್ನೆ ಸಂಜೆ ಹೊಂದಲಿಲ್ಲ.

ಕೊಂಬೆ ಬಗ್ಗಿಸಿ ಆಕಾರ ಕೊಡೋಕೆ ಜುನಿಪರ್ ಮರಕ್ಕೆ ತಂತಿ ಸುತ್ತುತ್ತಾ ಕೂತಿದ್ದೆ. 3 ಮಿ.ಮೀ. ಅಲ್ಯೂಮಿನಿಯಂ ತಂತಿ. ಎಡಗೈಯಲ್ಲಿ ಕೊಂಬೆಯ ಬುಡ ಅದುಮಿ ಹಿಡಿದು ಬಲಗೈಯಲ್ಲಿ ಕೆಳಗೆ ಬಗ್ಗಿಸ್ತಿದ್ದೆ, ಹಲ್ಲಲ್ಲಿ ಪೈಪ್. ಸುವಾಸನೆ ಹಾಕಿದ ಕ್ಯಾವೆಂಡಿಶ್ ಹೊಗೆಸೊಪ್ಪು, ಡಬ್ಬಿಯಿಂದ ತೆಗೆದು ಹಾಗೇ ತುಂಬಿದ್ದು. ಮೂರು ಸಲ ಆರಿಹೋಯ್ತು. ಪ್ರತಿ ಸಲ ತಂತಿ ಬಿಟ್ಟು ಕಡ್ಡಿ ಗೀರಬೇಕು. ನಾಲ್ಕನೇ ಸಲ ಆರಬಾರದು ಅಂತ ಜೋರಾಗಿ ಎಳೆದೆ. ಕೊಳವೆಯಲ್ಲಿ ಗುಳುಗುಳು ಸದ್ದು, ನಾಲಿಗೆ ತುದಿ ಉರಿ, ಹೊಗೆ ನೇರ ಬಲಗಣ್ಣಿಗೆ. ಕಣ್ಣು ಮುಚ್ಚಿದೆ, ಕೈ ಮಾತ್ರ ಬಗ್ಗಿಸ್ತಾನೇ ಇತ್ತು. ಚಟ್ ಅಂತು. ಎಡಗಡೆಯ ಎರಡನೇ ಕೊಂಬೆ. ಆರು ವರ್ಷದಿಂದ ಬೆಳೆಸಿದ್ದು. ಬುಡದ ಹತ್ತಿರ ಮೇಲ್ಭಾಗ ಉದ್ದಕ್ಕೆ ಸೀಳಿದೆ.

ಕೊಂಬೆ ಉಳಿಯುತ್ತಾ? ಕೆಲಸದ ಹೊತ್ತಿಗೆ ಆರದೆ, ನಾಲಿಗೆ ಸುಡದೆ ಇರೋ ಬ್ಲೆಂಡ್ (ಸೊಪ್ಪಿನ ಮಿಶ್ರಣ) ಯಾವುದಾದ್ರೂ ಇದೆಯಾ? ಈ ಹೊಗೆ, ಬೂದಿ ಎಲ್ಲ ಗಿಡಕ್ಕೆ ಏನಾದ್ರೂ ಮಾಡುತ್ತಾ ಅನ್ನೋದೂ ಬಹಳ ದಿನದಿಂದ ತಲೇಲಿದೆ.

ದಿನಕ್ಕೊಂದೆಲೆ:
ಎರಡೂ ಕೈ ಕೊಂಬೆ ಮೇಲಿರುವಾಗ ಬಾಯಲ್ಲಿ ಕೆಂಡ ಯಾಕೆ ಬೇಕು ಸರ್?

ಹಳೇಕುಂಡ:
ಮೊದಲು ಕೊಂಬೆಯ ವಿಚಾರ. ಹೊಗೆಸೊಪ್ಪಿನ ಮಾತು ಆಮೇಲಾಗಲಿ.

ಕೆಳಗೆ ಬಗ್ಗಿಸುವಾಗ ಒಡೆಯುವುದು ಮೇಲ್ಭಾಗ. ಕೆಳಗಿನ ತೊಗಟೆ ಕಾಂಡಕ್ಕೆ ಅಂಟಿಕೊಂಡೇ ಇದ್ದರೆ ಕೊಂಬೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಬಗ್ಗಿಸಿದ್ದನ್ನು ಸ್ವಲ್ಪ ಹಿಂದಕ್ಕೆ ಬಿಡಿ, ಸೀಳಿನ ಎರಡು ಅಂಚೂ ಕೂಡುವಷ್ಟು ಮಾತ್ರ. ಗಿಡದ ಗಾಯ ಮುಚ್ಚುವ ಕಟ್ ಪೇಸ್ಟ್ ಹಚ್ಚಿ. ನೀರಲ್ಲಿ ನೆನೆಸಿದ ರಾಫಿಯಾ ನಾರನ್ನು ಬಿಗಿಯಾಗಿ ಸುತ್ತಿ. ತಂತಿ ಬಿಚ್ಚಬೇಡಿ, ಈಗ ಅದೇ ಊರುಗೋಲು. ಗಿಡವನ್ನು ಕೆಲವು ವಾರ ಗಾಳಿ, ಬಿರುಬಿಸಿಲಿನಿಂದ ದೂರ ಇಡಿ. ಈ ವರ್ಷ ಆ ಗಿಡಕ್ಕೆ ಬೇರೆ ಯಾವ ಕೆಲಸವೂ ಬೇಡ. ಸವರುವುದು, ಬೇರು ಕತ್ತರಿಸುವುದು ಎಲ್ಲ ಮುಂದಕ್ಕೆ.

ಜುನಿಪರ್‌ನಲ್ಲಿ ಕಾಂಡದ ಸುತ್ತ ರಸ ಒಂದೇ ಸಮ ಹರಿಯುವುದಿಲ್ಲ. ಒಂದೊಂದು ಕೊಂಬೆಗೂ ಬೇರಿನಿಂದ ಒಂದೊಂದು ಜೀವಪಟ್ಟಿ. ಆ ಪಟ್ಟಿ ತುಂಡಾಗಿಲ್ಲದಿದ್ದರೆ ಅರ್ಧ ಮರ ಸೀಳಿದರೂ ಕೊಂಬೆ ಹಸಿರಾಗಿರುತ್ತದೆ. ಹಾಗೆಂದು ನಾಳೆ ಹಸಿರು ಕಂಡು ಸಂತೋಷಪಡಬೇಡಿ. ಜುನಿಪರ್ ಸತ್ತ ಸುದ್ದಿಯನ್ನು ಎಲೆ ವಾರಗಟ್ಟಲೆ ತಡಮಾಡಿ ಹೇಳುತ್ತದೆ.

ತಂತಿಕೈ:
ಕೆಳಗಿನ ತೊಗಟೆ ಪೂರ್ತಿ ಇದೆ. ಇದನ್ನ ಓದಿದ ತಕ್ಷಣ ಎದ್ದು ಹೋಗಿ ಕಟ್ಟಿ ಬಂದೆ. ತುಂಬಾ ಉಪಕಾರ ಆಯ್ತು ಸರ್.

ಬೂದಿಬಟ್ಟಲು:
ಪೈಪ್ ವಿಷಯಕ್ಕೆ ನಾನು ಬರ್ತೀನಿ. ನಿಮ್ಮ ತೊಂದರೆ ಬ್ಲೆಂಡ್‌ಗಿಂತ ಒದ್ದೆಯದ್ದು. ಸುವಾಸನೆಯ ಬ್ಲೆಂಡ್‌ಗಳಿಗೆ ಒಣಗದಿರಲಿ ಅಂತ ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿರ್ತಾರೆ, ಮೇಲೆ ಸಿಹಿ ಪಾಕ ಬೇರೆ. ಹಾಗೇ ತುಂಬಿದ್ರೆ ಉರಿಯೋದಕ್ಕಿಂತ ಬೇಯೋದೇ ಜಾಸ್ತಿ. ನಿಮ್ಮ ನಾಲಿಗೆ ಸುಟ್ಟಿದ್ದು ಬೆಂಕಿಯಿಂದಲ್ಲ, ಹಬೆಯಿಂದ. ಒಂದು ಬೌಲ್‌ಗೆ, ಅಂದ್ರೆ ಪೈಪಿನ ಬಟ್ಟಲಿಗೆ, ಬೇಕಾದಷ್ಟನ್ನ ಕಾಗದದ ಮೇಲೆ ಹರಡಿ ಅರ್ಧ ಗಂಟೆ ಬಿಡಿ. ಎರಡು ಬೆರಳಲ್ಲಿ ಅದುಮಿದ್ರೆ ಮುದ್ದೆಯಾಗದೆ ಮತ್ತೆ ಬಿಡಿಸಿಕೊಳ್ಳಬೇಕು, ಪುಡಿಯೂ ಆಗಬಾರದು.

ತುಂಬೋದು ಮೂರು ಚಿಟಿಕೆಯಲ್ಲಿ. ಮೊದಲನೆಯದು ಬರೀ ಉದುರಿಸಿ, ಎರಡನೆಯದಕ್ಕೆ ಹಗುರ ಒತ್ತು, ಮೂರನೆಯದಕ್ಕೆ ಸ್ವಲ್ಪ ಗಟ್ಟಿ. ಒಮ್ಮೆ ಹಚ್ಚಿ, ಮೇಲಿನ ಸೊಪ್ಪು ಉಬ್ಬುತ್ತೆ, ಟ್ಯಾಂಪರ್ ಅನ್ನೋ ಒತ್ತುಕಡ್ಡಿಯಲ್ಲಿ ಮೆಲ್ಲಗೆ ಕೂರಿಸಿ ಇನ್ನೊಮ್ಮೆ ಹಚ್ಚಿ.

ಹೆಸರೇ ಬೇಕಂದ್ರೆ ಬರ್ಲಿ ತಗೊಳ್ಳಿ. ಗಾಳಿಯಲ್ಲಿ ಒಣಗಿಸೋ ಎಲೆ, ಸಕ್ಕರೆ ಅಂಶ ತೀರಾ ಕಡಿಮೆ, ನಾಲಿಗೆಗೆ ಕಚ್ಚಲ್ಲ, ನಿಧಾನ ಉರಿಯುತ್ತೆ. ವರ್ಜೀನಿಯಾ ಬಿಸಿ ಗಾಳಿಯಲ್ಲಿ ಒಣಗಿದ್ದು, ಸಕ್ಕರೆ ಹೆಚ್ಚು, ರುಚಿಗೆ ಅದೇ ರಾಜ, ಆದ್ರೆ ಅವಸರ ಸಹಿಸಲ್ಲ. ಎರಡು ದಮ್ ಜೋರಾಗಿ ಎಳೆದ್ರೆ ನಾಲಿಗೆ ಸಿಪ್ಪೆ ಏಳುತ್ತೆ. ಕೈ ಕೆಲಸದ ಹೊತ್ತಿಗೆ ವರ್ಜೀನಿಯಾ ಬೇಡ.

ಕಾಡುಬೆಂಕಿ:
ಬರ್ಲಿ ಅಂದ್ರೆ ರಟ್ಟು ಸೇದಿದ ಹಾಗೆ. ಲಟಾಕಿಯಾ ಇರೋ ಬ್ಲೆಂಡ್ ಒಂದು ಸಲ ಹಚ್ಚಿ ನೋಡಿ ತಂತಿಕೈ ಅವರೇ. ಸಿರಿಯಾದ ಲಟಾಕಿಯಾ ಬಂದರಿನ ಹೆಸರು ಹೊತ್ತ ಸೊಪ್ಪು, ಈಗ ಸಿಗೋದು ಸೈಪ್ರಸ್‌ನದು. ಓಕ್, ಪೈನ್, ಮಿರ್ಟಲ್‌ನಂಥ ಕಟ್ಟಿಗೆ ಹೊಗೆಯಲ್ಲಿ ವಾರಗಟ್ಟಲೆ ತೂಗುಹಾಕಿ ಕಪ್ಪಾಗಿಸಿದ್ದು. ತಣ್ಣಗೆ ಉರಿಯುತ್ತೆ, ಅಷ್ಟು ಸುಲಭಕ್ಕೆ ಆರಲ್ಲ, ವಾಸನೆ ಮಾತ್ರ ಕಾಡಲ್ಲಿ ಬೆಂಕಿ ಹಾಕಿ ಕೂತ ಹಾಗೆ. ಜುನಿಪರ್, ಪೈನ್ ಮುಂದೆ ಅದಕ್ಕಿಂತ ಒಗ್ಗೋ ಸೊಪ್ಪು ಇನ್ನೊಂದಿಲ್ಲ. ಮೇಪಲ್ ಮುಂದೆ ಕೂತರೆ ನಾನೂ ವರ್ಜೀನಿಯಾನೇ ಹಚ್ಚೋದು, ಅದು ಬೇರೆ ಮಾತು.

ಬೂದಿಬಟ್ಟಲು:
ಬರ್ಲಿ ರಟ್ಟಲ್ಲ. ಒಳ್ಳೆ ಬರ್ಲಿಯಲ್ಲಿ ಹುರಿದ ಬೀಜದ ಘಮ ಇದೆ. ಲಟಾಕಿಯಾಗೆ ಒಗ್ಗಿದ ಮೂಗಿಗೆ ಅದು ಹತ್ತಲ್ಲ ಅಷ್ಟೆ.

ಮೂಗುನಂಬಿ:
ಅಲ್ಲೇ ನನ್ನ ತಕರಾರು. ಲಟಾಕಿಯಾ ಮೂಗನ್ನ ಪೂರ್ತಿ ಹಿಡಿದುಬಿಡುತ್ತೆ. ಬೋನ್ಸಾಯ್ ಕೆಲಸದಲ್ಲಿ ಅರ್ಧ ಕೆಲಸ ಮೂಗಿನದು, ಅದನ್ನ ಯಾರೂ ಹೇಳಿಕೊಡಲ್ಲ.

ಮಣ್ಣು ಬದಲಿಸೋಕೆ ಗಿಡ ಎತ್ತಿದಾಗ ನಾನು ಮೊದಲು ಮಾಡೋದು ಬೇರಿನ ಗಡ್ಡೆಯನ್ನ ಮೂಗಿನ ಹತ್ತಿರ ತರೋದು. ಆರೋಗ್ಯದ ಬೇರು ಮಳೆ ಬಿದ್ದ ಮಣ್ಣಿನ ಹಾಗೆ, ಪೈನ್ ಆದ್ರೆ ಅಣಬೆ ವಾಸನೆ. ಕೊಳೆತ ಬೇರು ಹುಳಿ ಬಂದ ಹಾಗೆ, ನಿಂತ ನೀರಿನ ಹಾಗೆ. ಎರಡು ವರ್ಷದ ಹಿಂದೆ ಒಂದು ಎಲ್ಮ್ ಎತ್ತಿದೆ. ನೋಡೋಕೆ ಬೇರು ಚೆನ್ನಾಗೇ ಇತ್ತು, ಹೊರಸುತ್ತು ಬೆಳ್ಳಗೆ. ಆದ್ರೆ ನಡುವಿಂದ ಹುಳಿ ವಾಸನೆ ಬಂತು. ಕಡ್ಡಿಯಲ್ಲಿ ಬಿಡಿಸಿದೆ. ಕಾಂಡದ ಸರಿ ಕೆಳಗೆ ಮುಷ್ಟಿ ಗಾತ್ರದ ಹಳೆ ಜೇಡಿ ಮಣ್ಣು ಹಾಗೇ ಉಳಿದುಕೊಂಡಿತ್ತು, ಒಳಗಿನ ಬೇರು ಕಪ್ಪಾಗಿ, ಎಳೆದ್ರೆ ಸಿಪ್ಪೆ ಕೈಗೆ ಬಂದು ನಾರು ಮಾತ್ರ ಉಳೀತಿತ್ತು. ಆ ದಿನ ಬಾಯಲ್ಲಿ ಲಟಾಕಿಯಾ ಇದ್ದಿದ್ರೆ ಹೊರಗಿನ ಬೇರು ನೋಡಿ ಹಾಗೇ ಕುಂಡಕ್ಕೆ ಕೂರಿಸಿಬಿಡ್ತಿದ್ದೆ.

ಕಾಡುಬೆಂಕಿ:
ಮಣ್ಣು ಬದಲಿಸುವಾಗ ಸೇದಬೇಡಿ ಅಂದ್ರೆ ಒಪ್ತೀನಿ. ತಂತಿ ಸುತ್ತೋಕೆ ಮೂಗು ಯಾಕೆ?

ಹಳೇಕುಂಡ:
ತಂತಿಗೆ ಕಿವಿ ಬೇಕು. ಕೊಂಬೆ ಒಡೆಯುವ ಮುನ್ನ ಒಳಗಿನಿಂದ ಸಣ್ಣಗೆ ಕಿರ್ ಅನ್ನುತ್ತದೆ, ಬೆರಳಿಗೂ ತಿಳಿಯುತ್ತದೆ. ಪೈಪ್ ಗುಳುಗುಳು ಎನ್ನುತ್ತಿದ್ದರೆ ಅದು ಕೇಳಿಸುವುದಿಲ್ಲ.

ಮೆಣಸಿನಮರ:
ಹೊಗೆ ಬಿಡಿ, ಹೊಗೆಸೊಪ್ಪು ಮುಟ್ಟಿದ ಕೈ ಬಗ್ಗೆ ಯಾರೂ ಮಾತಾಡ್ತಿಲ್ಲವಲ್ಲ. ನನಗೆ ಅದರಿಂದ ಒಂದು ಮರವೇ ಹೋಯ್ತು.

ನಾನು ಮೆಣಸಿನ ಗಿಡದ ಬೋನ್ಸಾಯ್ ಮಾಡ್ತೀನಿ, ಬೋಂಚಿ ಅಂತಾರೆ. ನಾಲ್ಕು ವರ್ಷದ ಗಿಡ, ಬುಡ ಹೆಬ್ಬೆರಳಿಗಿಂತ ದಪ್ಪ, ತೊಗಟೆ ಬೂದು ಬಣ್ಣಕ್ಕೆ ತಿರುಗಿ ಹಳೆ ಮರದ ಹಾಗೇ ಕಾಣ್ತಿತ್ತು. ಪೈಪ್ ತುಂಬಿ, ಅದೇ ಕೈಯಲ್ಲಿ ಚಿಗುರು ಚಿವುಟೋದು ನನ್ನ ದಿನದ ರೂಢಿ. ಒಂದಿನ ಹೊಸ ಎಲೆ ಮೇಲೆ ತಿಳಿ ಹಸಿರು, ಕಡು ಹಸಿರು ತೇಪೆ ತೇಪೆಯಾಗಿ ಬಂತು. ಆಮೇಲೆ ಬಂದ ಎಲೆ ಸಣ್ಣಗೆ ಸುರುಟಿದವು, ಕಾಯಿ ಸೊಟ್ಟಗಾದವು. ಗೊಬ್ಬರ ಹಾಕಿದೆ, ಜಾಗ ಬದಲಿಸಿದೆ, ಏನೂ ಆಗಲಿಲ್ಲ. ಕೊನೆಗೆ ಗಿಡ ಕಿತ್ತು ಕಸಕ್ಕೆ ಹಾಕಿದೆ. ಆ ಬುಡ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ತಂಬಾಕು ಮೊಸಾಯಿಕ್ ವೈರಸ್, ಟಿಎಂವಿ. ಒಣಗಿದ ಸೊಪ್ಪಲ್ಲೂ ವರ್ಷಗಟ್ಟಲೆ ಬದುಕಿರುತ್ತೆ.

ಎಲೆಮಚ್ಚೆ:
ಪರೀಕ್ಷೆ ಮಾಡಿಸಿದ್ರಾ? ಸುರುಟಿದ ಸಣ್ಣ ಎಲೆ ಅಂದ್ರೆ ನುಸಿ ಕಾಟವೂ ಇರಬಹುದು. ಮೆಣಸಿಗೆ ಅದು ಬಹಳ ಸಾಮಾನ್ಯ, ಕಣ್ಣಿಗೂ ಕಾಣಲ್ಲ.

ಮೆಣಸಿನಮರ:
ಪರೀಕ್ಷೆ ಮಾಡಿಸಲಿಲ್ಲ. ಭೂತಕನ್ನಡಿಯಲ್ಲಿ ನೋಡಿದಾಗ ನುಸಿ ಕಾಣಲಿಲ್ಲ. ನುಸಿ ಕಾಟದಲ್ಲಿ ಆ ತೇಪೆ ಬಣ್ಣ ಬರುತ್ತಾ?

ಎಲೆಮಚ್ಚೆ:
ಹಾಗೆ ಬರಲ್ಲ, ಅದು ನಿಜ. ತೇಪೆ ಬಣ್ಣ ಮೊದಲು ಬಂದಿದ್ರೆ ವೈರಸ್ ಅನ್ನೋದು ನ್ಯಾಯವಾದ ಅನುಮಾನ. ಆದ್ರೆ ಇಲ್ಲಿ ಓದೋರು ಹೆದರಿಕೊಳ್ಳಬಾರದು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಟಿಎಂವಿ ಗಾಳಿಯಲ್ಲಿ ಹಾರಿ ಬರಲ್ಲ, ಹೊಗೆಯಲ್ಲೂ ಬರಲ್ಲ. ಉರಿದ ಬೂದಿಯಲ್ಲಿ ಇರಲ್ಲ. ಗಿಡಕ್ಕೆ ಗಾಯ ಬೇಕು, ಆ ಗಾಯಕ್ಕೆ ವೈರಸ್ ಇರೋ ಸೊಪ್ಪಿನ ಅಂಶ ತಾಗಬೇಕು. ಚಿವುಟೋ ಬೆರಳು ಎರಡನ್ನೂ ಒಟ್ಟಿಗೇ ಮಾಡಿಬಿಡುತ್ತೆ. ಡಬ್ಬಿಯ ಎಲ್ಲ ಸೊಪ್ಪಲ್ಲೂ ವೈರಸ್ ಇರುತ್ತೆ ಅಂತಲ್ಲ, ಇದೆಯೋ ಇಲ್ಲವೋ ನೋಡಿ ಹೇಳೋಕಾಗಲ್ಲ, ಅದೇ ಕಷ್ಟ. ಬಲಿಯಾಗೋದು ಮುಖ್ಯವಾಗಿ ಮೆಣಸು, ಟೊಮೆಟೊ, ಪೆಟೂನಿಯಾ ಇವುಗಳ ಕುಟುಂಬ, ಮತ್ತೆ ಆರ್ಕಿಡ್. ಜುನಿಪರ್, ಪೈನ್, ಮೇಪಲ್, ಫೈಕಸ್ ಇಟ್ಟವರು ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ವೈರಸ್ ಅನ್ನೋ ತಿಳಿವಳಿಕೆಯೇ ಈ ಸೊಪ್ಪಿಂದ ಶುರುವಾದದ್ದು. 1892ರಲ್ಲಿ ರಷ್ಯಾದ ವಿಜ್ಞಾನಿ ಇವಾನೋವ್‌ಸ್ಕಿ ರೋಗದ ಎಲೆಯ ರಸವನ್ನ ಬ್ಯಾಕ್ಟೀರಿಯಾ ದಾಟದಷ್ಟು ಸೂಕ್ಷ್ಮ ಸೋಸುಕದಲ್ಲಿ ಸೋಸಿದ್ರು, ರಸ ಆಗಲೂ ರೋಗ ಹರಡ್ತಿತ್ತು. 1898ರಲ್ಲಿ ನೆದರ್ಲೆಂಡ್ಸ್‌ನ ಬೈಯರಿಂಕ್ ಇದು ಬೇರೆಯೇ ಬಗೆಯದು ಅಂದ್ರು. 1935ರಲ್ಲಿ ಅಮೆರಿಕದ ಸ್ಟಾನ್ಲಿ ಇದನ್ನ ಹರಳಾಗಿ ಬೇರ್ಪಡಿಸಿ, 1946ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ್ರು.

ದಿನಕ್ಕೊಂದೆಲೆ:
ನಾನು ಪ್ರತಿ ಸಲ ಕತ್ತರಿಯನ್ನ ಸ್ಪಿರಿಟ್‌ನಲ್ಲಿ ಒರೆಸ್ತೀನಿ. ಸಾಕಲ್ಲ?

ಎಲೆಮಚ್ಚೆ:
ಬೇರೆ ಎಷ್ಟೋ ರೋಗಕ್ಕೆ ಸಾಕು, ಇದಕ್ಕೆ ನಂಬೋಕಾಗಲ್ಲ. ಕೈಯನ್ನ ಸೋಪು ಹಾಕಿ ಚೆನ್ನಾಗಿ ಉಜ್ಜಿ ತೊಳೀಬೇಕು, ಉಗುರಿನ ಸಂದು ಬಿಡಬಾರದು. ಕತ್ತರಿಗೆ ಹಾಲಿನ ಪುಡಿ! ಕೆನೆ ತೆಗೆದ ಹಾಲಿನ ಪುಡಿ 20 ಗ್ರಾಂ, ನೀರು 100 ಮಿ.ಲೀ. ಕಲಸಿ ಅದ್ದಿ. ಹಸಿರುಮನೆ ಬೆಳೆಗಾರರು ಮಾಡೋದೇ ಇದು. ಆಮೇಲೆ ತೊಳೆದು ಒಣಗಿಸಿ, ಇಲ್ಲಾಂದ್ರೆ ತುಕ್ಕು.

ಮೆಣಸಿನಮರ:
ಸ್ಪಿರಿಟ್ ವಿಷಯ ನನಗೂ ಗೊತ್ತಿರಲಿಲ್ಲ. ಹೊಸ ಸಸಿ ಎರಡಿವೆ. ಈಗ ಬೆಳಿಗ್ಗೆ ಮೊದಲ ಕೆಲಸ ಅವುಗಳದ್ದು, ಸೊಪ್ಪಿನ ಡಬ್ಬಿ ಮುಟ್ಟೋದು ಆಮೇಲೆ.

ಪಾಚಿಮನೆ:
ಬೂದಿ ಬಗ್ಗೆ ಕೇಳಿದ್ರಲ್ಲ. ನಾನು ಕುಂಡಕ್ಕೇ ಉದುರಿಸ್ತೀನಿ. ಪೊಟ್ಯಾಶ್ ಇರುತ್ತೆ, ಒಳ್ಳೇದು ಅಲ್ವಾ?

ಹಳೇಕುಂಡ:
ದೊಡ್ಡ ತೋಟದ ಮಣ್ಣಿಗೆ ಒಂದು ಚಿಟಿಕೆ ಬಿದ್ದರೆ ಏನೂ ಆಗದು. ಅಂಗೈ ಅಗಲದ ಕುಂಡದಲ್ಲಿ ಅದೇ ಚಿಟಿಕೆ ದಿನಾ ಬಿದ್ದರೆ ಆಗುತ್ತದೆ. ಬೂದಿ ಕ್ಷಾರ. ಅಜೇಲಿಯಾ ಇದ್ದರಂತೂ ಖಂಡಿತ ಬೇಡ. ಅದು ಹುಳಿ ಮಣ್ಣಿನ ಗಿಡ, ಮಣ್ಣು ಕ್ಷಾರಕ್ಕೆ ತಿರುಗಿದರೆ ಕಬ್ಬಿಣ ಹೀರಲಾರದು, ನರ ಹಸಿರಾಗಿ ಉಳಿದು ಎಲೆ ಹಳದಿಯಾಗುತ್ತದೆ.

ಪಾಚಿಮನೆ:
ಅಯ್ಯೋ! ನನ್ನ ಅಜೇಲಿಯಾ ಹೊಸ ಎಲೆ ಈಗ ಸರಿಯಾಗಿ ಹಾಗೇ ಇದೆ. ನೀರಿನದ್ದು ಅಂದುಕೊಂಡಿದ್ದೆ.

ಹಳೇಕುಂಡ:
ಗಡಸು ನೀರಿನಿಂದಲೂ ಹೀಗೇ ಆಗುತ್ತದೆ, ಎರಡೂ ಸೇರಿರಬಹುದು. ಬೂದಿ ನಿಲ್ಲಿಸಿ, ಮಳೆನೀರು ಹಾಕಿ, ಮೇಲಿನ ಒಂದೆರಡು ಸೆಂ.ಮೀ. ಮಣ್ಣು ತೆಗೆದು ಹೊಸದು ಹಾಕಿ. ಬೇರು ಕೆದಕಬೇಡಿ.

ಪಾಚಿಮನೆ:
ಇನ್ನೊಂದು ಹೇಳಿಬಿಡ್ತೀನಿ, ಬೇರೆಯವರಿಗೆ ಉಪಯೋಗ ಆಗಲಿ. ಕುಂಡದ ಮೇಲೆ ಒಣ ಸ್ಫ್ಯಾಗ್ನಮ್ ಪಾಚಿ ಹಾಸಿದ್ದೆ. ಪೈಪ್ ತಟ್ಟಿದಾಗ ತಳದಲ್ಲಿ ಉಳಿದ ಕೆಂಡ ಅಲ್ಲಿಗೆ ಬಿತ್ತು, ಗಮನಿಸಲಿಲ್ಲ. ಅರ್ಧ ಗಂಟೆ ಬಿಟ್ಟು ಬಂದ್ರೆ ಪಾಚಿಯಿಂದ ಸಣ್ಣಗೆ ಹೊಗೆ. ಜ್ವಾಲೆ ಇಲ್ಲ, ಒಳಗೊಳಗೇ ಹಬ್ತಿತ್ತು. ಬುಡದ ತೊಗಟೆ ಕಾಸಗಲ ಸುಟ್ಟಿತ್ತು. ಒಣ ಪಾಚಿ, ರಾಫಿಯಾ ನಾರು, ಪೀಟ್ ಇರೋ ಮೇಜಿನ ಹತ್ತಿರ ಪೈಪ್ ತಟ್ಟಬೇಡಿ. ನೀರಿರೋ ಲೋಹದ ಡಬ್ಬಿ ಇಟ್ಟುಕೊಳ್ಳಿ.

ಗಂಟುಬೇರು:
ಹೊಗೆಸೊಪ್ಪಿನ ನೀರು ಹೊಡೆದ್ರೆ ಗಿಡದ ಹೇನು ಹೋಗುತ್ತಲ್ಲ, ಅದನ್ನ ಯಾಕೆ ಯಾರೂ ಹೇಳ್ತಿಲ್ಲ? ಪೈಪಲ್ಲಿ ಉಳಿದ ಸೊಪ್ಪು ನೆನೆಸಿ ಸಿಂಪಡಿಸಿದ್ರೆ ಆಯ್ತು, ಎರಡು ಹವ್ಯಾಸಕ್ಕೂ ಲಾಭ.

ಎಲೆಮಚ್ಚೆ:
ದಯವಿಟ್ಟು ಬೇಡ. ನಿಕೋಟಿನ್ ಹೇನನ್ನ ಕೊಲ್ಲುತ್ತೆ, ಅದರಲ್ಲಿ ಅನುಮಾನ ಇಲ್ಲ. ನಿಕೋಟಿನ್ ಸಲ್ಫೇಟ್ ಒಂದು ಕಾಲದಲ್ಲಿ ಮಾರಾಟದ ಕೀಟನಾಶಕವೇ ಆಗಿತ್ತು. ಬಳಕೆ ಬಿಟ್ಟಿದ್ದು ಅದು ಮನುಷ್ಯರಿಗೂ ವಿಷ ಅಂತ. ಚರ್ಮದ ಮೂಲಕ ಒಳಗೆ ಹೋಗುತ್ತೆ. ಒದ್ದೆ ಹೊಗೆಸೊಪ್ಪು ಕೊಯ್ಯೋ ಕೂಲಿಗಳಿಗೆ ವಾಂತಿ, ತಲೆಸುತ್ತು ಬರೋ ಕಾಯಿಲೆ ಇದೆ, ಅದು ಬರೋದು ಬರೀ ಎಲೆ ಮುಟ್ಟಿದ್ದಕ್ಕೆ. ಮನೆಯಲ್ಲಿ ನೆನೆಸಿದ ನೀರಲ್ಲಿ ಎಷ್ಟು ನಿಕೋಟಿನ್ ಇಳಿದಿದೆ ಅಂತ ಅಳೆಯೋಕಾಗಲ್ಲ. ಜೇನುಹುಳುಗಳಿಗೂ ವಿಷ. ಬೋನ್ಸಾಯ್ ಹೇನಿಗೆ ನೀರನ್ನ ಸ್ವಲ್ಪ ರಭಸವಾಗಿ ಹೊಡೆದ್ರೆ ಮುಕ್ಕಾಲು ಹೋಗುತ್ತೆ, ಉಳಿದದ್ದಕ್ಕೆ ಕೀಟನಾಶಕ ಸೋಪು.

ಗಂಟುಬೇರು:
ಸರಿ, ಹಿಂದಕ್ಕೆ ತಗೋತೀನಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಬಾಟಲಿ ಈಗಲೇ ಚೆಲ್ತೀನಿ.

ಒಣಚಿಗುರು:
ಚೆಲ್ಲೋವಾಗ ಕೈಗೆ ಗ್ಲೌಸ್ ಹಾಕಿ. ಸೊಪ್ಪಿನ ಡಬ್ಬಿಯನ್ನೂ ಮಕ್ಕಳ ಕೈಗೆ ಸಿಗದ ಎತ್ತರಕ್ಕೆ ಇಡಿ, ಮಗು ಸ್ವಲ್ಪ ನುಂಗಿದರೂ ಅಪಾಯ.

ಇಷ್ಟು ಹೊತ್ತು ಓದ್ತಾ ಇದ್ದೆ. ಗಿಡಕ್ಕೆ ಏನಾಗುತ್ತೆ ಅಂತ ಎಲ್ಲರೂ ಚರ್ಚೆ ಮಾಡಿದ್ರಿ, ಸೇದೋರಿಗೆ ಏನಾಗುತ್ತೆ ಅಂತ ಒಬ್ಬರೂ ಕೇಳಲಿಲ್ಲ. ನಾನು 14 ವರ್ಷ ಪೈಪ್ ಸೇದಿ ಬಿಟ್ಟವಳು. ಹೊಗೆ ಒಳಗೆ ಎಳೆಯಲ್ಲ, ಬಾಯಲ್ಲೇ ಇಟ್ಟು ಬಿಡ್ತೀನಿ, ಹಾಗಾಗಿ ನನಗೇನೂ ಆಗಲ್ಲ ಅಂತ ನಂಬಿದ್ದೆ. ಕೊಳವೆಯ ತುದಿ ಕೂರೋ ಜಾಗದಲ್ಲಿ, ಕೆಳತುಟಿಯ ಒಳಗೆ, ಬಿಳಿ ಮಚ್ಚೆ ಬಂತು. ನಾಲಿಗೆ ತಾಗಿಸಿದ್ರೆ ಒರಟು. ನೋವಿರಲಿಲ್ಲ, ಹಾಗಾಗಿ ಐದು ತಿಂಗಳು ಸುಮ್ಮನಿದ್ದೆ. ವೈದ್ಯರು ತೆಗೆದು ಪರೀಕ್ಷೆಗೆ ಕಳಿಸಿದ್ರು. ಕ್ಯಾನ್ಸರ್ ಆಗಿರಲಿಲ್ಲ, ಆಗೋ ದಾರಿಯಲ್ಲಿತ್ತು. ವರದಿ ಬರೋವರೆಗಿನ ಒಂಬತ್ತು ದಿನ ನಾನು ಒಂದು ಗಿಡಕ್ಕೂ ನೀರು ಹಾಕಲಿಲ್ಲ. ನನ್ನ ಗಂಡ ಹಾಕಿದ್ರು.

ಒಳಗೆ ಎಳೆಯದಿದ್ದರೂ ತುಟಿ, ನಾಲಿಗೆ, ಗಂಟಲು, ಅನ್ನನಾಳ ಎಲ್ಲಕ್ಕೂ ಕ್ಯಾನ್ಸರ್ ಅಪಾಯ ಇದೆ. ಇಷ್ಟು ಸೇದಿದ್ರೆ ಪರವಾಗಿಲ್ಲ ಅನ್ನೋ ಅಳತೆ ಯಾವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳುತ್ತೆ. ನಿಮ್ಮನ್ನ ಬಿಡಿ ಅಂತ ಒತ್ತಾಯ ಮಾಡೋಕೆ ಬಂದಿಲ್ಲ. ತಿಂಗಳಿಗೊಮ್ಮೆ ಕನ್ನಡಿ ಮುಂದೆ ತುಟಿ ಮಡಚಿ ನೋಡಿಕೊಳ್ಳಿ. ಎರಡು ವಾರ ಮೀರಿ ಉಳಿಯೋ ಮಚ್ಚೆ, ಹುಣ್ಣು ಇದ್ದರೆ ಅದೇ ವಾರ ತೋರಿಸಿ.

ಬೂದಿಬಟ್ಟಲು:
ಮೇಡಂ, ಇದನ್ನ ಬರೆದಿದ್ದಕ್ಕೆ ಕೃತಜ್ಞತೆ. ನಾನು ವಾರಕ್ಕೆ ಎರಡು ಮೂರು ಬೌಲ್, ಅದೂ ಹೊರಗೆ ಕೂತು. ಅಪಾಯ ಗೊತ್ತಿದ್ದೇ ಸೇದ್ತೀನಿ, ಏನೂ ಆಗಲ್ಲ ಅಂತ ಯಾರಿಗೂ ಹೇಳಲ್ಲ. ಹೊಸದಾಗಿ ಶುರು ಮಾಡಲಾ ಅಂತ ಕೇಳೋರಿಗೆ ಬೇಡ ಅಂತಲೇ ಹೇಳ್ತೀನಿ. ಇವತ್ತು ಕನ್ನಡಿ ನೋಡಿಕೊಂಡೆ.

ಕಾಡುಬೆಂಕಿ:
ನಾನೂ ನೋಡಿಕೊಂಡೆ. ಮೇಡಂ, ಬಿಟ್ಟ ಮೇಲೆ ಗಿಡದ ಮುಂದೆ ಕೂರೋದು ಹೇಗಾಯ್ತು? ನನಗೆ ಆ ಪ್ರಶ್ನೆಯೇ ದೊಡ್ಡದು. ಪೈಪ್ ಇಲ್ಲದೆ ಒಂದು ಗಂಟೆ ಸುಮ್ಮನೆ ಕೂರೋಕೆ ನನಗೆ ಬರಲ್ಲ.

ಒಣಚಿಗುರು:
ಮೊದಲ ಎರಡು ತಿಂಗಳು ಕೂರೋಕಾಗಲಿಲ್ಲ. ಕೂತ ತಕ್ಷಣ ಕತ್ತರಿ ಕೈಗೆ ಬರ್ತಿತ್ತು, ಬೇಡದ್ದನ್ನೆಲ್ಲ ಕತ್ತರಿಸಿದೆ. ಒಂದು ಫೈಕಸ್‌ನ ತುದಿ ಹಾಳಾಗಿದ್ದು ಹಾಗೇ. ಆಗ ತಿಳೀತು, ಪೈಪ್ ಇಷ್ಟು ವರ್ಷ ನನ್ನ ಕೈಯನ್ನ ಕಟ್ಟಿಹಾಕ್ತಿತ್ತು, ಅದಕ್ಕೇ ಮರ ನೋಡ್ತಿದ್ದೆ. ಈಗ ಪೆನ್ಸಿಲ್ ಹಿಡಿದು ಕೂರ್ತೀನಿ. ಮರದ ಚಿತ್ರ ಬರೀತೀನಿ, ಕೊಂಬೆ ಒಂದನ್ನ ಅಳಿಸಿ ನೋಡ್ತೀನಿ. ಕಾಗದದ ಮೇಲೆ ಕತ್ತರಿಸಿದ ಕೊಂಬೆ ಮತ್ತೆ ಬರುತ್ತೆ.

ಮೂಗುನಂಬಿ:
ಈ ಪೆನ್ಸಿಲ್ ಮಾತು ಬರೆದಿಟ್ಟುಕೊಂಡೆ.

ಗಂಟುಬೇರು:
ವಿಷಯ ಸ್ವಲ್ಪ ಬೇರೆ, ಆದ್ರೆ ಬೋನ್ಸಾಯ್‌ನವರಿಗೆ ಇಷ್ಟ ಆಗಬಹುದು. ನಿಮ್ಮ ಬ್ರಯರ್ ಪೈಪ್ ಮರದ ಯಾವ ಭಾಗ ಗೊತ್ತಾ? ಎರಿಕಾ ಆರ್ಬೋರಿಯಾ ಅನ್ನೋ ಮೆಡಿಟರೇನಿಯನ್ ಪೊದೆಯ ಬೇರು.

ಹಳೇಕುಂಡ:
ಬೇರಲ್ಲ. ಬೇರು ಮತ್ತು ಕಾಂಡ ಕೂಡುವಲ್ಲಿ ನೆಲದ ಮಟ್ಟದಲ್ಲಿ ಊದಿಕೊಳ್ಳುವ ಗಂಟು. ಕಾಳ್ಗಿಚ್ಚಿನಲ್ಲಿ ಮೇಲಿನದೆಲ್ಲ ಸುಟ್ಟರೂ ಆ ಗಂಟಿನಿಂದ ಮತ್ತೆ ಚಿಗುರುತ್ತದೆ. ಪೈಪಿಗೆ ಆಗುವಷ್ಟು ದಪ್ಪವಾಗಲು ದಶಕಗಳು ಬೇಕು. ಅಗೆದು, ತುಂಡು ಮಾಡಿ, ರಸ ಹೋಗುವ ತನಕ ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿದ ಮೇಲೆ ಕೆತ್ತುವುದು. ಕೆಂಡ ಇಟ್ಟರೂ ಸುಲಭಕ್ಕೆ ಸುಡುವುದಿಲ್ಲ. ನಾವು ಬೋನ್ಸಾಯ್‌ನಲ್ಲಿ ಯಾವ ಜಾಗವನ್ನು ನೆಬಾರಿ ಎಂದು ವರ್ಷಗಟ್ಟಲೆ ದಪ್ಪ ಮಾಡುತ್ತೇವೋ ಸರಿಸುಮಾರು ಅದೇ ಜಾಗ. ಅಂದಹಾಗೆ ಅಜೇಲಿಯಾ ಕೂಡ ಅದರದೇ ಕುಟುಂಬ.

ಪಾಚಿಮನೆ:
ಅಂದ್ರೆ ನಾನು ಪೈಪಿನ ಬೂದಿಯನ್ನ ಪೈಪಿನ ನೆಂಟರ ಮೇಲೇ ಸುರೀತಿದ್ದೆ!

ತಂತಿಕೈ:
ಇಷ್ಟು ವಿಷಯ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಒಂದೇ ಉಳೀತು. ಮುಚ್ಚಿದ ಕೋಣೆಯಲ್ಲಿ ಸೇದಿದ್ರೆ ಗಿಡಕ್ಕೆ ಹೊಗೆಯಿಂದ ತೊಂದರೆ ಇದೆಯಾ? ಚಳಿಯಲ್ಲಿ ಫೈಕಸ್ ಒಳಗೆ ಇಡ್ತೀನಿ.

ಎಲೆಮಚ್ಚೆ:
ಹೊರಗೆ ಬಯಲಲ್ಲಿ ಲೆಕ್ಕಕ್ಕಿಲ್ಲ. ಮುಚ್ಚಿದ ಕೋಣೆಯಲ್ಲಿ ಸೇದಬೇಡಿ. ಹೊಗೆಯಲ್ಲಿ ಎಥಿಲೀನ್ ಇರುತ್ತೆ, ಎಲೆ ಉದುರಿಸೋ ಅನಿಲ ಅದು, ಹಣ್ಣು ಮಾಗಿಸೋದೂ ಅದೇ. ಬೆಳಕು ಕಡಿಮೆಯಾಗಿ ಫೈಕಸ್ ಮೊದಲೇ ಎಲೆ ಉದುರಿಸೋಕೆ ಕಾಯ್ತಿರುತ್ತೆ. ಗಿಡಕ್ಕಿಂತ ಅದೇ ಗಾಳಿ ಉಸಿರಾಡೋ ಮನೆಯವರ ಯೋಚನೆ ಮೊದಲು ಬರಲಿ.

ಕಾಡುಬೆಂಕಿ:
ಜಿನ್, ಅಂದ್ರೆ ಸತ್ತ ಕೊಂಬೆಯ ಸಿಪ್ಪೆ ತೆಗೆದು ಬೆಳ್ಳಗೆ ಉಳಿಸೋ ಕೆಲಸ, ಮಾಡೋರಿಗೆ ಇನ್ನೊಂದು ಮಾತು. ಸತ್ತ ಕೊಂಬೆಗೆ ಲೈಮ್ ಸಲ್ಫರ್ (ಸುಣ್ಣ, ಗಂಧಕದ ದ್ರಾವಣ) ಬಳಿದ ಕೈಯಲ್ಲಿ ಪೈಪ್ ಹಿಡೀಬೇಡಿ. ಕೊಳೆತ ಮೊಟ್ಟೆ ವಾಸನೆ ಅಂತ ಅದನ್ನ ಮುಚ್ಚೋಕೆ ನಾನು ಲಟಾಕಿಯಾ ಹಚ್ತಿದ್ದೆ. ಕೈಯಿಂದ ಕೊಳವೆಗೆ, ಕೊಳವೆಯಿಂದ ತುಟಿಗೆ, ಎರಡು ದಿನ ತುಟಿ ಉರಿ. ಕಾಸ್ಟಿಕ್ ದ್ರಾವಣ ಅದು.

ಬೂದಿಬಟ್ಟಲು:
ಲಟಾಕಿಯಾ ಬೇಡ ಅನ್ನೋದಕ್ಕೆ ಕೊನೆಗೂ ನಿಮ್ಮಿಂದಲೇ ಒಂದು ಕಾರಣ ಬಂತು.

ಕಾಡುಬೆಂಕಿ:
ಲಟಾಕಿಯಾದ ತಪ್ಪು ಏನೂ ಇಲ್ಲ ಅದರಲ್ಲಿ. ಈ ವಿಷಯದಲ್ಲಿ ನಾನು ಸೋಲಲ್ಲ.

ಮೂಗುನಂಬಿ:
ಸೊಪ್ಪು ಹಳತಾಗಿಸೋರು ಯಾರಾದ್ರೂ ಇದ್ದೀರಾ?

ಬೂದಿಬಟ್ಟಲು:
ನಾನಿದ್ದೀನಿ. ವರ್ಜೀನಿಯಾ ಹಳತಾದಷ್ಟೂ ಚೆನ್ನ, ಗಾಳಿಯಾಡದ ಗಾಜಿನ ಜಾಡಿಯಲ್ಲಿ ಕತ್ತಲಲ್ಲಿ ಇಡಬೇಕು. ಪೆರಿಕ್ ಸೇರಿಸಿದ್ದು ಇನ್ನೂ ಚೆನ್ನ. ಲೂಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಶ್‌ನ ಸೊಪ್ಪು ಅದು, ವಿಸ್ಕಿ ಪೀಪಾಯಿಯಲ್ಲಿ ತನ್ನದೇ ರಸದಲ್ಲಿ ಒತ್ತಿ ಹುದುಗಿಸ್ತಾರೆ, ನಡುನಡುವೆ ಬಿಚ್ಚಿ ಗಾಳಿಗೆ ಹರಡಿ ಮತ್ತೆ ಒತ್ತುತ್ತಾರೆ. ಮೆಣಸಿನ ಕಾಳಿನ ಖಾರ, ಒಣ ಹಣ್ಣಿನ ಹುಳಿ. ಲಟಾಕಿಯಾ ಮಾತ್ರ ಇಟ್ಟಷ್ಟೂ ಮೆತ್ತಗಾಗುತ್ತೆ, ಅದರ ಖದರು ಹೋಗುತ್ತೆ.

ನನ್ನ ಹತ್ತಿರ ಒಂದು ಜಾಡಿ ಇದೆ. ಮೇಪಲ್ ಬೀಜ ಹಾಕಿದ ದಿನ ಮುಚ್ಚಿದ್ದು. ಜಾಡಿಯ ಚೀಟಿಯ ಮೇಲೂ ಸಸಿಯ ಪಟ್ಟಿಯ ಮೇಲೂ ಒಂದೇ ತಾರೀಖು. ಆ ಮೇಪಲ್ ಬೋನ್ಸಾಯ್ ಕುಂಡಕ್ಕೆ ಹತ್ತಿದ ದಿನ ತೆಗೀತೀನಿ ಅಂತ ಮಾತು. ಈಗ ಎಂಟನೇ ವರ್ಷ, ಇನ್ನೂ ತರಬೇತಿ ಕುಂಡದಲ್ಲೇ ಇದೆ.

ಹಳೇಕುಂಡ:
ಎಂಟು ವರ್ಷ ಏನೂ ಅಲ್ಲ. ವಾಷಿಂಗ್ಟನ್ನಿನ ನ್ಯಾಷನಲ್ ಆರ್ಬೊರೀಟಮ್ ಎಂಬ ಮರಗಳ ತೋಟದಲ್ಲಿರುವ ಯಮಾಕಿ ಪೈನ್ ಬೋನ್ಸಾಯ್ 1625ರಿಂದ ಕುಂಡದಲ್ಲಿದೆ. 1945ರಲ್ಲಿ ಹಿರೋಷಿಮಾದ ಬಾಂಬನ್ನೂ ದಾಟಿ ಬದುಕಿತು, 1976ರಲ್ಲಿ ಅದನ್ನು ಸಾಕಿದ ಯಮಾಕಿ ಮನೆಯವರು ಅಮೆರಿಕಕ್ಕೆ ಉಡುಗೊರೆಯಾಗಿ ಕೊಟ್ಟರು. ತಲೆಮಾರಿನಿಂದ ತಲೆಮಾರಿಗೆ ಯಾರೋ ಒಬ್ಬರು ದಿನಾ ನೀರು ಹಾಕಿದ್ದಾರೆ. ನನಗೆ ಅದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ತಂತಿಕೈ:
ಐದು ವಾರದ ಮೇಲೆ ಬರೀತಿದ್ದೀನಿ. ಕೊಂಬೆ ಇನ್ನೂ ಹಸಿರು. ತುದಿಯಲ್ಲಿ ತಿಳಿ ಬಣ್ಣದ ಹೊಸ ಬೆಳವಣಿಗೆ ಮೂರು ಕಡೆ ಕಾಣ್ತಿದೆ.

ನಿನ್ನೆ ಬರ್ಲಿ ಅರ್ಧ ಗಂಟೆ ಒಣಗಿಸಿ ತುಂಬಿದೆ. ಕತ್ತರಿ, ತಂತಿ, ಇಕ್ಕಳ ಎಲ್ಲ ಒಳಗೆ ಬಿಟ್ಟು ಬರೀ ಕುರ್ಚಿ ತಂದು ಜುನಿಪರ್ ಮುಂದೆ ಕೂತೆ. ಒಂದೇ ಸಲ ಆರಿತು. ಬೌಲ್ ಮುಗಿಯೋಕೆ 50 ನಿಮಿಷ ಹಿಡೀತು, ನಾಲಿಗೆ ಉರಿಯಲಿಲ್ಲ. ಆ ಹೊತ್ತಲ್ಲಿ ಕುಂಡವನ್ನ ಎರಡು ಸಲ ಸ್ವಲ್ಪ ಸ್ವಲ್ಪ ತಿರುಗಿಸಿದೆ, ಅಷ್ಟೆ. ಎಡಕ್ಕೆ ಮೂರು ಬೆರಳಷ್ಟು ತಿರುಗಿಸಿದಾಗ ಕಾಂಡದ ಬಿಳಿ ಸತ್ತ ಪಟ್ಟಿ ಬುಡದಿಂದ ತುದಿವರೆಗೂ ಕಾಣಿಸ್ತು. ಇಷ್ಟು ವರ್ಷ ಅದು ಅರ್ಧಕ್ಕೆ ಮರೆಯಾಗ್ತಿತ್ತು. ಆ ಮುಖದಿಂದ ನೋಡಿದ್ರೆ ನಾನು ಬಗ್ಗಿಸೋಕೆ ಹೋಗಿ ಒಡೆದ ಕೊಂಬೆಯನ್ನ ಬಗ್ಗಿಸೋ ಅಗತ್ಯವೇ ಇರಲಿಲ್ಲ. ಅದು ಇದ್ದ ಹಾಗೇ ಸರಿಯಾಗಿತ್ತು.

ತುಟಿಯನ್ನೂ ನೋಡಿಕೊಂಡೆ ಒಣಚಿಗುರು ಮೇಡಂ. ದಿನಕ್ಕೊಂದು ಇದ್ದದ್ದು ಈಗ ಭಾನುವಾರ ಮಾತ್ರ. ಉಳಿದ ದಿನ ಪೆನ್ಸಿಲ್.

ಹಳೇಕುಂಡ ಸರ್, ನಾರು ಯಾವಾಗ ಬಿಚ್ಚಲಿ?

ಹಳೇಕುಂಡ:
ಈಗ ಬೇಡ. ಚಳಿಗಾಲ ಕಳೆದು ಮುಂದಿನ ಬೆಳವಣಿಗೆ ಪೂರ್ತಿ ಬಲಿಯಲಿ. ಅಷ್ಟರೊಳಗೆ ತಂತಿ ತೊಗಟೆಗೆ ಕಚ್ಚುತ್ತಿದೆಯೇ ಎಂದು ವಾರಕ್ಕೊಮ್ಮೆ ನೋಡಿ. ಕಚ್ಚಿದರೆ ಸುರುಳಿ ಬಿಚ್ಚಬೇಡಿ, ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ಹೊಸ ಮುಖ ಕಂಡ ಜಾಗಕ್ಕೆ ಕುಂಡದ ಅಂಚಿನಲ್ಲಿ ಸೀಮೆಸುಣ್ಣದ ಗುರುತು ಹಾಕಿಡಿ, ಮಣ್ಣು ಬದಲಿಸುವಾಗ ಬೇಕಾಗುತ್ತದೆ.